ಭೇದಿಗೆ ಯಾವ ಚಿಕಿತ್ಸೆ? ಓಆರ್‌ಎಸ್, ಡ್ರಿಪ್, ನಿಲ್ಲಿಸುವ ಮಾತ್ರೆ, ಆಂಟಿಬಯಾಟಿಕ್: ಆರಿಸುವುದು ಹೇಗೆ

ಭೇದಿ ಶುರುವಾದರೆ ಮನೆಯಲ್ಲಿ ಎಲ್ಲರೂ ಮೊದಲು ಹುಡುಕುವುದು ಮಾತ್ರೆಯನ್ನು. ಹೋದ ಸಲ ಉಳಿದ ನಾಲ್ಕು ಮಾತ್ರೆ ಡಬ್ಬಿಯಲ್ಲಿ ಸಿಕ್ಕಿದರೆ ಅದನ್ನೇ ನುಂಗಿ ಮಲಗುವವರೂ ಇದ್ದಾರೆ. ಆದರೆ ಯಾವ ಮಾತ್ರೆ ಅನ್ನುವುದು ಮೂರನೆಯ ಪ್ರಶ್ನೆ. ಮೊದಲನೆಯದು, ಮೈಯಿಂದ ಎಷ್ಟು ನೀರು ಹೋಗಿದೆ? ಎರಡನೆಯದು, ಹೋಗುತ್ತಿರುವುದು ಬರೀ ನೀರೋ, ಜೊತೆಗೆ ರಕ್ತವೂ ಇದೆಯೋ? ಈ ಎರಡಕ್ಕೆ ಉತ್ತರ ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಔಷಧಿಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಈ ಬರಹದಲ್ಲಿ ಡೋಸ್‌ಗಳನ್ನೂ ಬರೆದಿದ್ದೇನೆ. ಡಾಕ್ಟರ್ ಬರೆದ ಚೀಟಿ ನಿಮಗೆ ಅರ್ಥವಾಗಲಿ, ಎದುರು ಕೂತು ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು. ಇದನ್ನು ನೋಡಿಕೊಂಡು ನೀವೇ ಆಂಟಿಬಯಾಟಿಕ್ ತಂದು ನುಂಗಲಿ ಎಂದಲ್ಲ.

ಇದು ಯಾವ ಬಗೆಯ ಭೇದಿ?

ಇದ್ದಕ್ಕಿದ್ದಂತೆ ಬರುವ ಭೇದಿಯಲ್ಲಿ ದೊಡ್ಡ ಪಾಲು ವೈರಸ್‌ಗಳದ್ದು. ರೋಟಾ, ನೋರೋ ವೈರಸ್‌ಗಳ ಮೇಲೆ ಯಾವ ಆಂಟಿಬಯಾಟಿಕ್ಕೂ ಕೆಲಸ ಮಾಡುವುದಿಲ್ಲ. ಇನ್ನು ಬ್ಯಾಕ್ಟೀರಿಯಾದಿಂದಲೇ ಬಂದಿದ್ದರೂ ಎಲ್ಲವೂ ಒಂದೇ ಥರ ಅಲ್ಲ.

ಕಾಲರಾ ಬ್ಯಾಕ್ಟೀರಿಯಾ ಮತ್ತು ವಿಷ ಬಿಡುವ ಜಾತಿಯ ಇ. ಕೋಲಿ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತವೆ, ಒಳಗೆ ನುಗ್ಗುವುದಿಲ್ಲ. ಅವು ಬಿಟ್ಟ ವಿಷಕ್ಕೆ ಕರುಳು ನೀರು, ಉಪ್ಪು ಎರಡನ್ನೂ ಸುರಿಯತೊಡಗುತ್ತದೆ. ಆಗ ಭೇದಿ ನೀರಿನಂತಿರುತ್ತದೆ, ಪ್ರತಿ ಸಲವೂ ತುಂಬಾ ಹೋಗುತ್ತದೆ. ಜ್ವರ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೇ.

ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಇವುಗಳ ದಾರಿ ಬೇರೆ. ಕರುಳಿನ ಗೋಡೆಯೊಳಗೇ ನುಗ್ಗಿ ಹುಣ್ಣು ಮಾಡುತ್ತವೆ. ಜ್ವರ ಬರುತ್ತದೆ, ಹೊಟ್ಟೆ ನುಲಿಯುತ್ತದೆ. ಹತ್ತಾರು ಸಲ ಓಡಬೇಕು, ಹೋಗುವುದು ಮಾತ್ರ ಸ್ವಲ್ಪವೇ, ಅದರಲ್ಲಿ ಲೋಳೆ, ರಕ್ತ. ಎದ್ದು ಬಂದರೂ ಇನ್ನೂ ಹೋಗಬೇಕು ಅನಿಸುತ್ತಲೇ ಇರುತ್ತದೆ. ರಕ್ತಭೇದಿ, ಆಮಶಂಕೆ ಅನ್ನುವುದು ಇದನ್ನೇ.

ಮೂರನೆಯ ಬಗೆ ಗಡಿಯಾರ ನೋಡಿದರೆ ಗೊತ್ತಾಗುತ್ತದೆ. ಊಟವಾಗಿ 1ರಿಂದ 6 ಗಂಟೆಯೊಳಗೆ ವಾಂತಿ ಜೋರಾಗಿ ಶುರುವಾಯಿತು, ಜೊತೆಗೆ ಉಂಡವರಿಗೂ ಹಾಗೇ ಆಯಿತು ಅಂದರೆ, ಊಟದಲ್ಲೇ ತಯಾರಾಗಿ ಕೂತಿದ್ದ ವಿಷ ಹೊಟ್ಟೆಗೆ ಹೋಗಿದೆ. ಸ್ಟೆಫೈಲೋಕಾಕಸ್, ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಗಳ ಕೆಲಸ ಇದು. ಇಲ್ಲಿ ಬ್ಯಾಕ್ಟೀರಿಯಾವನ್ನು ಕೊಂದು ಪ್ರಯೋಜನವಿಲ್ಲ, ವಿಷ ಆಗಲೇ ಒಳಗೆ ಸೇರಿಯಾಗಿದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು.

ಓಆರ್‌ಎಸ್ ಅಥವಾ ಡ್ರಿಪ್?

"ಒಂದು ಬಾಟಲಿ ಏರಿಸಿಬಿಡಿ ಡಾಕ್ಟ್ರೇ" ಅನ್ನುವವರು ಬಹಳ ಮಂದಿ. ನರಕ್ಕೆ ಚುಚ್ಚಿ ಕೊಟ್ಟದ್ದು ಬಾಯಿಂದ ಕುಡಿದದ್ದಕ್ಕಿಂತ ಗಟ್ಟಿ ಚಿಕಿತ್ಸೆ ಅನ್ನುವ ನಂಬಿಕೆ ಅದು. ಕುಡಿಯಲು ಆಗುವ ರೋಗಿಗೆ ಈ ನಂಬಿಕೆ ಸುಳ್ಳು.

ಕಾರಣ ಕರುಳಿನೊಳಗೇ ಇದೆ. ಕಾಲರಾದಲ್ಲೂ ಕರುಳಿನ ಒಂದು ಕೆಲಸ ಕೆಡುವುದಿಲ್ಲ: ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೆ ಹೀರಿಕೊಳ್ಳುವುದು. ಒಂದು ಜೊತೆಗಿದ್ದರೆ ಇನ್ನೊಂದೂ ಒಳಗೆ ಹೋಗುತ್ತದೆ, ಅವೆರಡರ ಹಿಂದೆ ನೀರೂ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಬರೀ ನೀರು ಕುಡಿದರೆ, ಬರೀ ಉಪ್ಪುನೀರು ಕುಡಿದರೆ ಯಾಕೆ ಸಾಲದು ಅನ್ನುವುದಕ್ಕೆ ಉತ್ತರ ಇದೇ.

1971ರಲ್ಲಿ ಬಾಂಗ್ಲಾದೇಶ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸು ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಯಾವ ಹೊಸ ಔಷಧಿಯೂ ಇಲ್ಲದೆ.

ಈಗ ಸಿಗುವ ಓಆರ್‌ಎಸ್ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿದ್ದಿದ ಸೂತ್ರದ್ದು. ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಹಳೆಯದರಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಇದಕ್ಕಿಂತ ಜಾಸ್ತಿ ಇದ್ದವು. ಕಡಿಮೆ ಮಾಡಿದ ಮೇಲೆ ಮಕ್ಕಳಲ್ಲಿ ವಾಂತಿಯೂ ಡ್ರಿಪ್ ಹಾಕಬೇಕಾದ ಸಂದರ್ಭವೂ ಕಡಿಮೆಯಾದವು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಈ ಅಂಕಿಗಳು ಇರುತ್ತವೆ. "ಎನರ್ಜಿ", "ಎಲೆಕ್ಟ್ರೋಲೈಟ್" ಎಂದು ದೊಡ್ಡದಾಗಿ ಬರೆದ ಸಿಹಿ ಡ್ರಿಂಕುಗಳಲ್ಲಿ ಇವು ಹೊಂದುವುದಿಲ್ಲ. ಆಟಗಾರರು ಕುಡಿಯುವ ಪಾನೀಯದಲ್ಲಿ ಸೋಡಿಯಂ ಓಆರ್‌ಎಸ್‌ನ ಮೂರನೆಯ ಒಂದು ಪಾಲೂ ಇರುವುದಿಲ್ಲ. ಹಣ್ಣಿನ ಜ್ಯೂಸ್, ಸೋಡಾ ಡ್ರಿಂಕಿನಲ್ಲಿ ಸಕ್ಕರೆ ಎಷ್ಟು ಜಾಸ್ತಿ ಅಂದರೆ, ಅದು ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ.

ಕಲಸುವಾಗ ಜನ ಎಡವುವುದು ಒಂದೇ ಜಾಗದಲ್ಲಿ. ಪೊಟ್ಟಣಗಳು ಎರಡು ಅಳತೆಯಲ್ಲಿ ಬರುತ್ತವೆ. ಒಂದು 1 ಲೀಟರ್ ನೀರಿಗೆ, ಇನ್ನೊಂದು 200 ಮಿ.ಲೀ. ನೀರಿಗೆ. ದೊಡ್ಡ ಪೊಟ್ಟಣ ಒಡೆದು, ಅಂದಾಜಿಗೆ ಸ್ವಲ್ಪ ಸುರಿದು ಒಂದು ಲೋಟದಲ್ಲಿ ಕಲಸಿ ಮಗುವಿಗೆ ಕೊಟ್ಟರೆ, ಲೋಟದಲ್ಲಿ ಉಪ್ಪು ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಉಪ್ಪು ಜಾಸ್ತಿಯಾದರೆ ಮಗುವಿಗೆ ಫಿಟ್ಸ್ ಕೂಡ ಬರಬಹುದು. ಇಡೀ ಪೊಟ್ಟಣ, ಹೇಳಿದಷ್ಟೇ ನೀರು. ನೀರನ್ನು ಮೊದಲೇ ಕುದಿಸಿ ಆರಿಸಿಕೊಳ್ಳಿ, ಕಲಸಿದ ಮೇಲೆ ಕುದಿಸಬೇಡಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಆದ್ದರಿಂದ ಪೊಟ್ಟಣ ಸಿಗುವವರೆಗೆ ಮಾತ್ರ.

ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200. ದೊಡ್ಡವರು ಬಾಯಾರಿಕೆ ತೀರುವಷ್ಟು. ಕಣ್ಣು ಗುಳಿ ಬಿದ್ದು ಮಗು ಕಿರಿಕಿರಿ ಮಾಡುತ್ತಿದ್ದರೆ ನೀರು ಆಗಲೇ ಸಾಕಷ್ಟು ಹೋಗಿದೆ ಎಂದರ್ಥ. ಆಗ ಡಾಕ್ಟರ ಕಣ್ಣೆದುರಲ್ಲಿ ತೂಕದ ಕಿಲೋಗೆ 75 ಮಿ.ಲೀ. ಲೆಕ್ಕದಲ್ಲಿ 4 ಗಂಟೆಯೊಳಗೆ ಕುಡಿಸುತ್ತಾರೆ. 10 ಕಿಲೋ ಮಗುವಿಗೆ 750 ಮಿ.ಲೀ.

ಕೊಟ್ಟದ್ದೆಲ್ಲ ವಾಂತಿಯಾಗುತ್ತಿದೆ ಅಂದರೆ? ಲೋಟ ಬಿಡಿ, ಚಮಚ ಹಿಡಿಯಿರಿ. ವಾಂತಿಯಾದ ಮೇಲೆ 10 ನಿಮಿಷ ಸುಮ್ನೆ ಇರಿ. ಆಮೇಲೆ ಒಂದೆರಡು ನಿಮಿಷಕ್ಕೆ ಒಂದು ಚಮಚ, ಅಂದರೆ 5 ಮಿ.ಲೀ. ಬೇಸರದ ಕೆಲಸ, ನಿಜ. ಆದರೆ ಗಂಟೆಗೆ 150ರಿಂದ 300 ಮಿ.ಲೀ. ಹೊಟ್ಟೆಗೆ ಹೋಗುತ್ತದೆ, ಲೆಕ್ಕ ಹಾಕಿ ನೋಡಿ. ಆಗಲೂ ವಾಂತಿ ನಿಲ್ಲದಿದ್ದರೆ ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಡಾಕ್ಟರು ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಒಂದು ಡೋಸ್ ಕೊಡಬಹುದು. ಓಆರ್‌ಎಸ್ ಹೊಟ್ಟೆಯಲ್ಲಿ ಉಳಿಯಲಿ ಅನ್ನುವುದೇ ಅದರ ಉದ್ದೇಶ.

ಡ್ರಿಪ್ ನಿಜವಾಗಿಯೂ ಬೇಕಾಗುವ ಹೊತ್ತು ಇದೆ. ರೋಗಿ ಮಂಪರಿನಲ್ಲಿದ್ದಾನೆ, ಕುಡಿಯಲು ಆಗುತ್ತಿಲ್ಲ, ಕೈಕಾಲು ತಣ್ಣಗಾಗಿದೆ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ ಎರಡು ಸೆಕೆಂಡಾದರೂ ಮಡಿಕೆ ಹಾಗೇ ನಿಲ್ಲುತ್ತದೆ. ಇಲ್ಲಿ ಚರ್ಚೆಯೇ ಬೇಡ. ಕಿಲೋಗೆ 100 ಮಿ.ಲೀ. ರಿಂಗರ್ಸ್ ಲ್ಯಾಕ್ಟೇಟ್ (ಉಪ್ಪು, ಪೊಟ್ಯಾಸಿಯಂ ಇರುವ ಡ್ರಿಪ್ ದ್ರಾವಣ) ಏರಿಸಬೇಕು. ಒಂದು ವರ್ಷ ದಾಟಿದವರಿಗೆ ಅದರಲ್ಲಿ 30 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲೇ, ಉಳಿದ 70 ಎರಡೂವರೆ ಗಂಟೆಯಲ್ಲಿ. ಬರೀ ಗ್ಲೂಕೋಸ್ ಬಾಟಲಿ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಉಪ್ಪೇ ಇಲ್ಲ. ಜೋರು ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು, ಹಾಗಾಗಿ ತಡ ಮಾಡುವಂತಿಲ್ಲ. ಕುಡಿಯುವ ಶಕ್ತಿ ಬಂದ ಕೂಡಲೇ ಮತ್ತೆ ಓಆರ್‌ಎಸ್.

ನಿಲ್ಲಿಸುವ ಮಾತ್ರೆ

ಲೋಪೆರಮೈಡ್ ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಕೆಲಸ ಮಾಡುತ್ತದೆಯೇ ಅಂದರೆ, ಹೌದು, ಚೆನ್ನಾಗಿಯೇ ಮಾಡುತ್ತದೆ. ದೊಡ್ಡವರಿಗೆ ನೀರುಭೇದಿ, ಜ್ವರ ಇಲ್ಲ, ರಕ್ತ ಇಲ್ಲ, ಬಸ್ಸಿನಲ್ಲಿ ಆರು ಗಂಟೆ ಕೂರಬೇಕು: ಅದಕ್ಕೆ ಸರಿಯಾದ ಮಾತ್ರೆ ಇದು. ಮೊದಲು 4 ಮಿ.ಗ್ರಾಂ, ಆಮೇಲೆ ಪ್ರತಿ ಸಲ ಭೇದಿಯಾದಾಗ 2 ಮಿ.ಗ್ರಾಂ, ಡಾಕ್ಟರನ್ನು ಕೇಳದೆ ದಿನಕ್ಕೆ 8 ಮಿ.ಗ್ರಾಂ ದಾಟುವಂತಿಲ್ಲ. ಅತಿಯಾಗಿ ತೆಗೆದುಕೊಂಡರೆ ಹೃದಯದ ಬಡಿತವೇ ಹಳಿ ತಪ್ಪುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತು.

ಜ್ವರ ಅಥವಾ ರಕ್ತ ಇದ್ದರೆ ಮಾತ್ರ ಇದನ್ನು ಮುಟ್ಟಬೇಡಿ. ಗೋಡೆಯೊಳಗೆ ನುಗ್ಗಿದ ಬ್ಯಾಕ್ಟೀರಿಯಾ ಮತ್ತು ಅದರ ವಿಷ ಹೊರಗೆ ಹೋಗಲಿ ಎಂದೇ ಕರುಳು ಓಡುತ್ತಿದೆ. ಅದನ್ನು ತಡೆದರೆ ದೊಡ್ಡ ಕರುಳು ಊದಿಕೊಂಡು ಅಪಾಯಕ್ಕೆ ಹೋಗಬಹುದು. ಮಕ್ಕಳಿಗಂತೂ ಬೇಡವೇ ಬೇಡ. 18 ವರ್ಷದೊಳಗಿನವರಿಗೆ ಹಠಾತ್ ಭೇದಿಯಲ್ಲಿ ಕೊಡಬೇಡಿ ಎಂದೇ ಅಮೆರಿಕದ ಸೋಂಕುರೋಗ ತಜ್ಞರ 2017ರ ಮಾರ್ಗಸೂಚಿ ಹೇಳುತ್ತದೆ.

ಮಕ್ಕಳಿಗೆ ಕೆಲವು ಡಾಕ್ಟರು ರೇಸಕಾಡೋಟ್ರಿಲ್ ಬರೆಯುತ್ತಾರೆ. ಇದು ಕರುಳಿನ ಓಟಕ್ಕೆ ಕೈ ಹಾಕುವುದಿಲ್ಲ, ಕರುಳು ನೀರು ಸುರಿಯುವುದನ್ನು ಕಡಿಮೆ ಮಾಡುತ್ತದೆ. ಲೋಪೆರಮೈಡ್ ಜೊತೆ ಹೋಲಿಸಿದರೆ ಭಯ ಕಡಿಮೆ. ಆದರೆ ಓಆರ್‌ಎಸ್ ಜೊತೆಗೆ ಕೊಡುವುದು, ಓಆರ್‌ಎಸ್ ಬದಲಿಗೆ ಅಲ್ಲ. ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ದೊಡ್ಡವರಿಗೆ ಅಲ್ಪಸ್ವಲ್ಪ ಆರಾಮ ಕೊಡುತ್ತದೆ, ನಾಲಿಗೆ, ಮಲ ಎರಡೂ ಕಪ್ಪಾಗುತ್ತವೆ, ಹೆದರಬೇಡಿ. ಆಸ್ಪಿರಿನ್ ಅಲರ್ಜಿ ಇದ್ದವರಿಗೂ ಮಕ್ಕಳಿಗೂ ಅದು ಆಗುವುದಿಲ್ಲ.

ಆಂಟಿಬಯಾಟಿಕ್ ಬೇಕೋ ಬೇಡವೋ

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಜಾಸ್ತಿ ತಪ್ಪು ನಡೆಯುವುದು ಇಲ್ಲೇ. "ಬ್ಯಾಕ್ಟೀರಿಯಾ ಇದೆ, ಹಾಗಾದರೆ ಆಂಟಿಬಯಾಟಿಕ್ ಬೇಕು" ಅನ್ನುವುದು ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಬ್ಯಾಕ್ಟೀರಿಯಾದ ಹೆಸರು ಬದಲಾದರೆ ಉತ್ತರವೂ ಪೂರ್ತಿ ತಿರುಗಿಬೀಳುತ್ತದೆ.

ಶಿಗೆಲ್ಲಾ ಆದರೆ ಕೊಡಬೇಕು ಅನ್ನುವ ಕಡೆಗೇ ತೂಕ. ಕಾಯಿಲೆ ಬೇಗ ಇಳಿಯುತ್ತದೆ, ಇನ್ನೊಬ್ಬರಿಗೆ ಹರಡುವುದೂ ಕಡಿಮೆಯಾಗುತ್ತದೆ. ಈ ಬ್ಯಾಕ್ಟೀರಿಯಾ 10ರಿಂದ 100 ಹೊಟ್ಟೆಗೆ ಹೋದರೂ ಸಾಕು, ಕಾಯಿಲೆ ಬರುತ್ತದೆ. ಹಾಗಾಗಿ ಒಬ್ಬರಿಂದ ಮನೆಮಂದಿಗೆಲ್ಲ ಬರುವುದು ಸಲೀಸು. ಕಾಲರಾದಲ್ಲಿ ನೀರೇ ಮುಖ್ಯ ಔಷಧಿ, ಆದರೆ ಜೋರಾಗಿದ್ದರೆ ಆಂಟಿಬಯಾಟಿಕ್ ಭೇದಿಯ ಪ್ರಮಾಣವನ್ನೂ ದಿನಗಳನ್ನೂ ಇಳಿಸುತ್ತದೆ.

ಕ್ಯಾಂಪಿಲೋಬ್ಯಾಕ್ಟರ್‌ನಲ್ಲಿ ಲಾಭ ಸುಮಾರು ಒಂದು ದಿನ ಮಾತ್ರ, ಅದೂ ಬೇಗ ಶುರು ಮಾಡಿದರೆ. ಜ್ವರ, ರಕ್ತ ಜೋರಾಗಿದ್ದರೆ ಕೊಡುತ್ತಾರೆ. ನಾಲ್ಕನೆಯ ದಿನ ತಾನಾಗಿಯೇ ಇಳಿಯುತ್ತಿದ್ದರೆ ಯಾಕೆ ಬೇಕು?

ಸಾಲ್ಮೊನೆಲ್ಲಾದಲ್ಲಿ ಕಥೆ ಉಲ್ಟಾ. ಟೈಫಾಯ್ಡ್ ಅಲ್ಲದ, ಬರೀ ಭೇದಿ ತರುವ ಸಾಲ್ಮೊನೆಲ್ಲಾಗೆ ಆರೋಗ್ಯವಂತರಲ್ಲಿ ಆಂಟಿಬಯಾಟಿಕ್ ಕೊಟ್ಟರೆ ಭೇದಿ ಬೇಗ ನಿಲ್ಲುವುದಿಲ್ಲ, ಮಲದಲ್ಲಿ ಬ್ಯಾಕ್ಟೀರಿಯಾ ಉಳಿಯುವ ಕಾಲ ಉದ್ದವಾಗಬಹುದು. ಮೂರು ತಿಂಗಳೊಳಗಿನ ಕೂಸು, ರೋಗನಿರೋಧಕ ಶಕ್ತಿ ಕುಗ್ಗಿದವರು, ರಕ್ತನಾಳದ ತೊಂದರೆ ಇರುವ ವಯಸ್ಸಾದವರು, ಇವರಿಗೆ ಮಾತ್ರ ಅದು ರಕ್ತಕ್ಕೆ ಇಳಿಯುವ ಭಯದಿಂದ ಕೊಡುತ್ತಾರೆ. (ಟೈಫಾಯ್ಡ್ ಬೇರೆಯೇ ಕಾಯಿಲೆ. ಅಲ್ಲಿ ಭೇದಿಗಿಂತ ಇಳಿಯದ ಜ್ವರ ಮುಖ್ಯ, ಆಂಟಿಬಯಾಟಿಕ್ ಬೇಕೇ ಬೇಕು.)

ಎಲ್ಲಕ್ಕಿಂತ ಕಷ್ಟದ್ದು ಶಿಗಾ ವಿಷ ಮಾಡುವ ಇ. ಕೋಲಿ, ಓ157 ಎಂಬ ಜಾತಿ ಇದರಲ್ಲಿ ಹೆಸರುವಾಸಿ. ರಕ್ತಭೇದಿ ಮಾಡುತ್ತದೆ, ನೋಡಿದರೆ ಆಂಟಿಬಯಾಟಿಕ್ ಕೊಡಲೇಬೇಕು ಅನಿಸುತ್ತದೆ. ಆದರೆ ಕೊಡಬಾರದು. ಕೆಲವು ಆಂಟಿಬಯಾಟಿಕ್‌ಗಳು ಈ ಬ್ಯಾಕ್ಟೀರಿಯಾ ಇನ್ನಷ್ಟು ವಿಷ ಬಿಡುವಂತೆ ಮಾಡಬಹುದು. ಆ ವಿಷ ಕಿಡ್ನಿಗೆ ಹೊಡೆಯುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಚಿಕ್ಕ ಮಕ್ಕಳಿಗೇ ಈ ಅಪಾಯ ಜಾಸ್ತಿ. ಭೇದಿ ಶುರುವಾಗಿ ಒಂದು ವಾರದ ಹೊತ್ತಿಗೆ, ಇನ್ನೇನು ವಾಸಿಯಾಯಿತು ಅನ್ನುವಾಗ ಮಗು ಬಿಳುಚಿಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಇದರದ್ದೇ ಬಳಗದ ಓ104 ಜಾತಿ ಹಬ್ಬಿ 50ಕ್ಕೂ ಹೆಚ್ಚು ಜನ ಸತ್ತರು. ಮೂಲ ಹುಡುಕಿದಾಗ ಸಿಕ್ಕಿದ್ದು ಹಸಿಯಾಗಿ ತಿಂದ ಮೆಂತ್ಯದ ಮೊಳಕೆ.

ಹಾಗಾದರೆ ರಕ್ತ ಕಂಡಾಗ ಶಿಗೆಲ್ಲಾನೋ ಇದೋ ಎಂದು ಹೇಗೆ ತಿಳಿಯುವುದು? ಮನೆಯಲ್ಲಿ ತಿಳಿಯುವುದಿಲ್ಲ. ಒಂದು ಸುಳಿವು ಜ್ವರ. ಶಿಗೆಲ್ಲಾದಲ್ಲಿ ಜ್ವರ ಸಾಮಾನ್ಯವಾಗಿ ಜೋರು, ಓ157ರಲ್ಲಿ ಡಾಕ್ಟರ ಮುಂದೆ ಕೂತಾಗ ಅನೇಕರಿಗೆ ಜ್ವರವೇ ಇರುವುದಿಲ್ಲ. ರಕ್ತ ಇದೆ, ಜ್ವರ ಇಲ್ಲ ಅಂದರೆ ಮಲ ಪರೀಕ್ಷೆ ಬರುವವರೆಗೆ ಆಂಟಿಬಯಾಟಿಕ್‌ಗೆ ಕಾಯುವುದು ಜಾಣತನ. ಶಿಗೆಲ್ಲಾ ಜಾಸ್ತಿ ಇರುವ ಪ್ರದೇಶಗಳಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಮಗುವಿಗೆ ರಕ್ತಭೇದಿಯಾದರೆ ಪರೀಕ್ಷೆಗೆ ಕಾಯದೆ ಶಿಗೆಲ್ಲಾ ಎಂದೇ ಚಿಕಿತ್ಸೆ ಶುರು ಮಾಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡೂ ಸರಿಯೇ, ಅಪಾಯ ಯಾವ ಕಡೆ ಜಾಸ್ತಿ ಅನ್ನುವುದರ ಮೇಲೆ ನಿರ್ಧಾರ.

ಇನ್ನು ಸಾಮಾನ್ಯ ನೀರುಭೇದಿ, ಪ್ರವಾಸಕ್ಕೆ ಹೋದಾಗ ಬರುವಂಥದ್ದು. ಸುಮ್ಮನೆ ಬಿಟ್ಟರೆ 3ರಿಂದ 5 ದಿನ, ಆಂಟಿಬಯಾಟಿಕ್ ತೆಗೆದುಕೊಂಡರೆ ಒಂದೂವರೆ ದಿನ. ಆ ಉಳಿಸಿದ ದಿನಗಳಿಗೆ ತೆರುವ ಬೆಲೆ ಏನು ಅಂದರೆ, ಕರುಳಲ್ಲಿ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಓಡಾಡಲು ಆಗುತ್ತಿದೆ, ಕೆಲಸ ನಡೆಯುತ್ತಿದೆ ಅನ್ನುವವರಿಗೆ ಬೇಡ. ಹಾಸಿಗೆ ಹಿಡಿಸಿದ್ದರೆ ಬೇಕು.

ಕೊಡುವುದಾದರೆ ಯಾವುದು?

ದೊಡ್ಡ ಪೈಪೋಟಿ ಅಜಿತ್ರೋಮೈಸಿನ್ ಮತ್ತು ಸಿಪ್ರೋಫ್ಲಾಕ್ಸಸಿನ್ ನಡುವೆ. ಇಪ್ಪತ್ತು ವರ್ಷದ ಹಿಂದೆ ಸಿಪ್ರೋ ಗೆಲ್ಲುತ್ತಿತ್ತು. ಈಗ ನನ್ನ ಮತ ಅಜಿತ್ರೋಮೈಸಿನ್‌ಗೆ, ಬಹಳಷ್ಟು ಮಾರ್ಗಸೂಚಿಗಳದ್ದೂ ಅದೇ.

ಮೊದಲ ಕಾರಣ, ಸಿಪ್ರೋಗೆ ಬ್ಯಾಕ್ಟೀರಿಯಾ ಪಳಗಿಬಿಟ್ಟಿವೆ. ಯುರೋಪಿನಲ್ಲಿ ಪರೀಕ್ಷಿಸಿದ ಕ್ಯಾಂಪಿಲೋಬ್ಯಾಕ್ಟರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೆ ಬಗ್ಗುವುದಿಲ್ಲ, ಏಷ್ಯಾದ ಹಲವು ಕಡೆ ಶಿಗೆಲ್ಲಾವೂ ಹಾಗೇ. ಎರಡನೆಯದು ಅಡ್ಡ ಪರಿಣಾಮ. ಸಿಪ್ರೋ ಬಳಗದ ಮಾತ್ರೆಗಳಿಂದ ಕಾಲಿನ ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ) ಹರಿಯಬಹುದು ಎಂದು 2008ರಲ್ಲೇ ಅಮೆರಿಕದಲ್ಲಿ ಔಷಧಿಯ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಏಕಾಏಕಿ ಇಳಿಯಬಹುದು. ಮೂರನೆಯದು ಚಿಕ್ಕದು, ಆದರೆ ಯಾರೂ ಹೇಳುವುದಿಲ್ಲ: ಹಾಲು, ಆಸಿಡಿಟಿ ಮಾತ್ರೆ, ಜಿಂಕ್, ಕಬ್ಬಿಣದ ಮಾತ್ರೆ ಇವುಗಳ ಜೊತೆ ನುಂಗಿದರೆ ಸಿಪ್ರೋ ಅವಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರುವುದೇ ಕಡಿಮೆ. ಭೇದಿಗೆ ಜಿಂಕ್, ಸಿಪ್ರೋ ಎರಡನ್ನೂ ಒಂದೇ ಹೊತ್ತಿಗೆ ನುಂಗಿದರೆ ಔಷಧಿ ವ್ಯರ್ಥ. ಸಿಪ್ರೋ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಕಳೆದ ಮೇಲೆ ಜಿಂಕ್.

ಅಜಿತ್ರೋಮೈಸಿನ್ ದೊಡ್ಡವರಿಗೆ 1 ಗ್ರಾಂ ಒಂದೇ ಸಲ, ಅಥವಾ 500 ಮಿ.ಗ್ರಾಂ ದಿನಕ್ಕೊಂದರಂತೆ 3 ದಿನ. ಒಂದೇ ಸಲದ ಡೋಸ್ ಕೆಲವರಿಗೆ ಓಕರಿಕೆ ತರುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ. ಇದರ ದೋಷ ಅಂದರೆ ಹೃದಯ ಬಡಿತದ ಲಯದ ಮೇಲೆ ಪರಿಣಾಮ. ಇಸಿಜಿಯಲ್ಲಿ ಮೊದಲೇ ಕ್ಯೂಟಿ ಉದ್ದ ಇದೆ ಎಂದು ಹೇಳಿಸಿಕೊಂಡವರು, ಹೃದಯದ ಲಯಕ್ಕೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಭೇದಿಯಲ್ಲಿ ಪೊಟ್ಯಾಸಿಯಂ ಇಳಿದಿರುವುದರಿಂದ ಈ ಅಪಾಯ ಇನ್ನೂ ಸ್ವಲ್ಪ ಏರುತ್ತದೆ.

ರಿಫಾಕ್ಸಿಮಿನ್ ಒಂದು ವಿಚಿತ್ರ ಮಾತ್ರೆ. ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ, ಎಲ್ಲವೂ ಕರುಳಲ್ಲೇ ಉಳಿಯುತ್ತದೆ. 200 ಮಿ.ಗ್ರಾಂ ದಿನಕ್ಕೆ ಮೂರು ಸಲ, 3 ದಿನ. ಅಡ್ಡ ಪರಿಣಾಮ ಕಡಿಮೆ, ಇ. ಕೋಲಿಯ ನೀರುಭೇದಿಗೆ ಒಳ್ಳೆಯದು. ಆದರೆ ಜ್ವರ, ರಕ್ತ ಇದ್ದರೆ ಬ್ಯಾಕ್ಟೀರಿಯಾ ಗೋಡೆಯೊಳಗೆ ಇರುತ್ತದೆ, ಈ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ.

ಕಾಲರಾಕ್ಕೆ ಡಾಕ್ಸಿಸೈಕ್ಲಿನ್ 300 ಮಿ.ಗ್ರಾಂ ಒಂದೇ ಡೋಸ್, ಅಷ್ಟು ಸರಳ. ಆಸ್ಪತ್ರೆ ಸೇರುವಷ್ಟು ಜೋರು ಶಿಗೆಲ್ಲಾಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್.

ಮೆಟ್ರೋನಿಡಜೋಲ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಭೇದಿ ಅಂದ ಕೂಡಲೇ ಕೈ ಹೋಗುವುದು ಇದರ ಕಡೆಗೆ. ಇದು ಅಮೀಬಾ, ಜಿಯಾರ್ಡಿಯಾ ಎಂಬ ಪರೋಪಜೀವಿಗಳಿಗೆ ಔಷಧಿ. ಇ. ಕೋಲಿ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಯಾವುದರ ಮೇಲೂ ಇದು ನಡೆಯುವುದಿಲ್ಲ. ಹಾಗಾಗಿಯೇ ಎರಡು ಔಷಧಿ ಸೇರಿಸಿದ ಮಾತ್ರೆಗಳು ಹುಟ್ಟಿಕೊಂಡವು. ಹೊಟ್ಟೆ ಕೆಟ್ಟಾಗ ಕೊಟ್ಟ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಬ್ರ್ಯಾಂಡ್ ಹೆಸರಿನ ಕೆಳಗೆ ಚಿಕ್ಕದಾಗಿ ಎರಡು ಹೆಸರು ಇರುತ್ತದೆ: ಒಂದು "ಫ್ಲಾಕ್ಸಸಿನ್" ಎಂದು ಮುಗಿಯುತ್ತದೆ, ಇನ್ನೊಂದು "ನಿಡಜೋಲ್" ಎಂದು. ಮೊದಲನೆಯದು ಬ್ಯಾಕ್ಟೀರಿಯಾಗೆ, ಎರಡನೆಯದು ಅಮೀಬಾಗೆ. ಏನಿದೆ ಎಂದು ಗೊತ್ತಿಲ್ಲ, ಎರಡಕ್ಕೂ ಇರಲಿ ಅನ್ನುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ವೈರಸ್ ಭೇದಿಯಾದರೆ ಎರಡೂ ಕಲ್ಲು ವ್ಯರ್ಥ, ಓಕರಿಕೆ, ಬಾಯಿಯಲ್ಲಿ ಲೋಹದ ರುಚಿ ಮಾತ್ರ ಲಾಭ.

ಯಾವುದೇ ಆಂಟಿಬಯಾಟಿಕ್ ಆಗಲಿ, 48 ಗಂಟೆಯಲ್ಲಿ ಸ್ವಲ್ಪವೂ ಇಳಿಯದಿದ್ದರೆ ಅದೇ ಡಾಕ್ಟರ ಹತ್ತಿರ ಮತ್ತೆ ಹೋಗಿ. ನೀವೇ ಇನ್ನೊಂದಕ್ಕೆ ಬದಲಾಯಿಸಬೇಡಿ.

ಕಲ್ಚರ್ ಅಥವಾ ಪಿಸಿಆರ್?

ಸಾಮಾನ್ಯ ಭೇದಿಗೆ ಪರೀಕ್ಷೆಯೇ ಬೇಡ, ವರದಿ ಬರುವ ಹೊತ್ತಿಗೆ ವಾಸಿಯಾಗಿರುತ್ತದೆ. ರಕ್ತ, ಜೋರು ಜ್ವರ, ಒಂದು ವಾರ ದಾಟಿದ ಭೇದಿ, ರೋಗನಿರೋಧಕ ಶಕ್ತಿ ಕುಗ್ಗಿದವರು, ಇವರಿಗೆ ಬೇಕು. ಪಿಸಿಆರ್ ಅಂದರೆ ರೋಗಾಣುವಿನ ಜೀನ್ ಚೂರುಗಳನ್ನು ಹುಡುಕುವ ಪರೀಕ್ಷೆ, ಕೆಲವೇ ಗಂಟೆಗಳಲ್ಲಿ ಹತ್ತಾರು ರೋಗಾಣುಗಳನ್ನು ಹುಡುಕುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಚೂರನ್ನೂ ಅದು "ಇದೆ" ಅನ್ನುತ್ತದೆ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಪೂರ್ತಿ ಹೇಳುವುದಿಲ್ಲ. ಕಲ್ಚರ್, ಅಂದರೆ ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದಕ್ಕೆ, ಎರಡು ಮೂರು ದಿನ ಬೇಕು, ಆದರೆ ಅದು ಬಗ್ಗುವ ಔಷಧಿಯ ಪಟ್ಟಿ ಸಿಗುತ್ತದೆ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಮಲ ಕೊಡಿ, ಆಮೇಲೆ ಕೊಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಆಂಟಿಬಯಾಟಿಕ್‌ನಿಂದಲೇ ಬಂದ ಭೇದಿ

ಹಲ್ಲಿಗೋ ಎದೆಗೋ ಆಂಟಿಬಯಾಟಿಕ್ ತೆಗೆದುಕೊಂಡು ಕೆಲವು ವಾರದಲ್ಲಿ, ಕೆಲವೊಮ್ಮೆ ಮೂರು ತಿಂಗಳೊಳಗೆ, ದಿನಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಭೇದಿ ಶುರುವಾದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ನೆನಪಿರಲಿ. ಚಿಕ್ಕದಾಗಿ ಸಿ. ಡಿಫ್ ಅನ್ನುತ್ತಾರೆ. ಮೊದಲ ಕೆಲಸ, ಸಾಧ್ಯವಾದರೆ ಹಳೆಯ ಆಂಟಿಬಯಾಟಿಕ್ ನಿಲ್ಲಿಸುವುದು, ಅದೂ ಬರೆದ ಡಾಕ್ಟರನ್ನು ಕೇಳಿ.

ಇಲ್ಲಿ ಆಯ್ಕೆ ಎರಡು. ವ್ಯಾಂಕೋಮೈಸಿನ್ 125 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ, 10 ದಿನ. ಬಾಯಿಂದಲೇ ಕೊಡಬೇಕು, ನರಕ್ಕೆ ಕೊಟ್ಟರೆ ಕರುಳಿಗೆ ಬರುವುದಿಲ್ಲ. ಇನ್ನೊಂದು ಫಿಡಾಕ್ಸೋಮೈಸಿನ್ 200 ಮಿ.ಗ್ರಾಂ ದಿನಕ್ಕೆ ಎರಡು ಸಲ, 10 ದಿನ. ವಾಸಿ ಮಾಡುವುದರಲ್ಲಿ ಎರಡೂ ಸಮ. ವ್ಯತ್ಯಾಸ ಇರುವುದು ಕಾಯಿಲೆ ಮರಳಿ ಬರುವುದರಲ್ಲಿ. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವ್ಯಾಂಕೋಮೈಸಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 25 ಜನಕ್ಕೆ ಮರಳಿತು, ಫಿಡಾಕ್ಸೋಮೈಸಿನ್‌ನಲ್ಲಿ 15 ಜನಕ್ಕೆ. ಬೆಲೆ ಕೈಗೆಟುಕಿದರೆ ಎರಡನೆಯದೇ ಮೇಲು, ಆದರೆ ಅದು ಬಹಳ ದುಬಾರಿ ಔಷಧಿ.

ಮತ್ತೆ ಮತ್ತೆ ಬರುವವರಿಗೆ ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾವನ್ನೇ ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ. ಕೇಳಲು ಅಸಹ್ಯ ಅನಿಸಬಹುದು. 2013ರ ನೆದರ್‌ಲ್ಯಾಂಡ್ಸ್‌ನ ಪ್ರಯೋಗದಲ್ಲಿ ಒಂದೇ ಸಲಕ್ಕೆ 16ರಲ್ಲಿ 13 ಜನ ವಾಸಿಯಾದರು, ವ್ಯಾಂಕೋಮೈಸಿನ್ ಒಂದನ್ನೇ ತೆಗೆದುಕೊಂಡ 13 ಜನರಲ್ಲಿ 4 ಮಾತ್ರ. 2023ರಿಂದ ಅಮೆರಿಕದಲ್ಲಿ ಇದು ಕ್ಯಾಪ್ಸೂಲ್ ರೂಪದಲ್ಲೂ ಒಪ್ಪಿಗೆ ಪಡೆದಿದೆ.

ಜಿಂಕ್, ಪ್ರೋಬಯಾಟಿಕ್

ಐದು ವರ್ಷದೊಳಗಿನ ಮಕ್ಕಳಿಗೆ ಜಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2004ರಿಂದ ಹೇಳುತ್ತಿವೆ. ದಿನಕ್ಕೆ 20 ಮಿ.ಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10, ಒಟ್ಟು 10ರಿಂದ 14 ದಿನ. ಭೇದಿ ನಿಂತ ಕೂಡಲೇ ಬಿಡಬೇಡಿ. ಪೌಷ್ಟಿಕತೆ ಕಡಿಮೆ ಇರುವ ಮಕ್ಕಳಿಗೆ ಲಾಭ ಜಾಸ್ತಿ.

ಪ್ರೋಬಯಾಟಿಕ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. 2018ರಲ್ಲಿ ಪ್ರಕಟವಾದ, ಮಕ್ಕಳ ಮೇಲೆ ನಡೆಸಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟವರಿಗೂ ಬರೀ ಪುಡಿ ಕೊಟ್ಟವರಿಗೂ ವ್ಯತ್ಯಾಸವೇ ಕಾಣಲಿಲ್ಲ. ತೆಗೆದುಕೊಂಡರೆ ಆರೋಗ್ಯವಂತರಿಗೆ ಹಾನಿ ಇಲ್ಲ, ಆದರೆ ಆ ದುಡ್ಡಿನಲ್ಲಿ ಇನ್ನೂ ನಾಲ್ಕು ಓಆರ್‌ಎಸ್ ಪೊಟ್ಟಣ ತರುವುದು ವಾಸಿ. ದೊಡ್ಡ ನರಕ್ಕೆ ನಳಿಕೆ ಹಾಕಿಸಿಕೊಂಡವರು, ರೋಗನಿರೋಧಕ ಶಕ್ತಿ ಇಲ್ಲದವರು ಇದರಿಂದ ದೂರ ಇರಬೇಕು.

ಊಟ ನಿಲ್ಲಿಸುವುದೂ ಬೇಡ. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು ಕೊಡುತ್ತಲೇ ಇರಿ. ದೊಡ್ಡವರು ಹಸಿವಾದಾಗ ಎಂದಿನ ಊಟವನ್ನೇ ಸ್ವಲ್ಪ ಸ್ವಲ್ಪ ಮಾಡಲಿ. ಕರುಳಿಗೆ ರಜೆ ಕೊಟ್ಟರೆ ಬೇಗ ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಯಾವಾಗ ಕಾಯಬಾರದು

ಆರೆಂಟು ಗಂಟೆಯಿಂದ ಮೂತ್ರ ಹೋಗಿಲ್ಲ, ಮಗು ಅತ್ತರೂ ಕಣ್ಣೀರಿಲ್ಲ, ಎಬ್ಬಿಸಿದರೂ ಮಂಪರು, ಮಲದಲ್ಲಿ ರಕ್ತ, ಇಳಿಯದ ಜ್ವರ, ಹೊಟ್ಟೆ ಗಟ್ಟಿಯಾಗಿ ಊದಿಕೊಂಡಿದೆ: ಇವುಗಳಲ್ಲಿ ಒಂದು ಕಂಡರೂ ಹೊರಡಿ. ಮೂರು ತಿಂಗಳೊಳಗಿನ ಕೂಸು, ಗರ್ಭಿಣಿ, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು, ತುಂಬಾ ವಯಸ್ಸಾದವರು ಇಷ್ಟಕ್ಕೂ ಕಾಯಬೇಕಿಲ್ಲ. ಡಾಕ್ಟರ ಹತ್ತಿರ ಹೋದಾಗ ಎಷ್ಟು ಸಲ ಹೋಯಿತು, ಯಾವಾಗ ಶುರುವಾಯಿತು, ರಕ್ತ ಇದೆಯೇ, ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ, ದಿನಾ ಯಾವ ಮಾತ್ರೆ ನುಂಗುತ್ತೀರಿ, ಇಷ್ಟನ್ನು ಹೇಳಿ. ರಕ್ತದೊತ್ತಡಕ್ಕೆ, ಮೂತ್ರ ಇಳಿಯಲು ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಂದುವರಿಸಬೇಕೋ ಎಂದು ಕೇಳಲು ಮರೆಯಬೇಡಿ. ನೀರು ಹೋದ ಮೈಯಲ್ಲಿ ಆ ಮಾತ್ರೆಗಳು ಕಿಡ್ನಿಗೆ ಭಾರವಾಗುತ್ತವೆ.

ವಾಸಿಯಾದ ಮೇಲೂ ಕೊನೆಯ ಭೇದಿಯಿಂದ 48 ಗಂಟೆ ಕಳೆಯುವವರೆಗೆ ಬೇರೆಯವರಿಗೆ ಅಡುಗೆ ಮಾಡಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಕೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ, ಸ್ಯಾನಿಟೈಸರ್ ನಂಬಬೇಡಿ. ಸಿ. ಡಿಫ್‌ನ ಬೀಜಕಗಳು ಅದಕ್ಕೆ ಸಾಯುವುದಿಲ್ಲ, ನೋರೋ ವೈರಸ್ ಕೂಡ ಸುಲಭಕ್ಕೆ ಬಗ್ಗುವುದಿಲ್ಲ.